ಹರಳಿಗೆ ಕಣ್ಣು ಕೊಟ್ಟ ಆಚಾರ್ಯ

ಮೊಬೈಲು ಗೋಪುರಗಳಲ್ಲಿ ಇಂದು ದುಡಿಯುತ್ತಿರುವುದು ಸಿಲಿಕಾನ್, ಗ್ಯಾಲಿಯಂ ನೈಟ್ರೈಡ್ ಮೊದಲಾದ ಅರೆವಾಹಕಗಳು. ವಿದ್ಯುತ್ತನ್ನು ಪೂರ್ಣವಾಗಿ ಹರಿಯಗೊಡದ, ಪೂರ್ಣವಾಗಿ ತಡೆಯಲೂ ಒಲ್ಲದ ವಸ್ತುಗಳು. ಇಂಥದೊಂದು ಹರಳನ್ನು ನಿಸ್ತಂತು ತರಂಗಗಳನ್ನು ಹಿಡಿಯಲು ಮೊದಲು ಬಳಸಿದವರು ಕಲಕತ್ತೆಯ ಆಚಾರ್ಯ ಜಗದೀಶಚಂದ್ರ ಬೋಸರು.

1858ರ ನವೆಂಬರ್ 30ರಂದು ವಂಗದೇಶದಲ್ಲಿ ಅವರ ಜನನವಾಯಿತು. ತಂದೆ ಭಗವಾನ್‌ಚಂದ್ರರು ಸರಕಾರದ ಅಧಿಕಾರಿಗಳಾಗಿದ್ದರೂ ಮಗನನ್ನು ಮೊದಲು ಕಳುಹಿಸಿದ್ದು ಬಂಗಾಳಿ ಶಾಲೆಗೆ. ಪರಊರುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರು ಇದನ್ನು ಗಮನಿಸತಕ್ಕದ್ದು. ಕೇಂಬ್ರಿಜ್ಜಿನಲ್ಲಿ ಓದಿ ಬಂದು, 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಯೂರೋಪಿಯನ್ನರಿಗಿಂತ ಕಡಿಮೆ ವೇತನವೆಂದಾಗ ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. ಕಡೆಗೆ ಸರಕಾರ ಪೂರ್ಣ ವೇತನವನ್ನು ಬಾಕಿಸಹಿತ ತೆತ್ತಿತು.

1895ರಲ್ಲಿ ಕಲಕತ್ತೆಯ ಟೌನ್‌ಹಾಲಿನಲ್ಲಿ ಅವರು ಹೊರಡಿಸಿದ ಅದೃಶ್ಯ ತರಂಗಗಳು ಗೋಡೆಗಳನ್ನು ದಾಟಿ ಗಂಟೆ ಬಾರಿಸಿದವು, ಮದ್ದಿಗೆ ಕಿಡಿ ಹೊತ್ತಿಸಿದವು. ಅವರ ಪ್ರಯೋಗಗಳಲ್ಲಿ ತರಂಗದ ಉದ್ದ ಐದು ಮಿಲಿಮೀಟರಿನವರೆಗೆ ಕಿರಿದಾಗಿತ್ತು. ಆಗ ತರಂಗಗ್ರಹಣಕ್ಕೆ ಬಳಕೆಯಲ್ಲಿದ್ದುದು ಲೋಹದ ಪುಡಿ ತುಂಬಿದ ಗಾಜಿನ ನಳಿಕೆ. ಒಮ್ಮೆ ತರಂಗ ತಾಗಿದರೆ ಪುಡಿ ಅಂಟಿಕೊಳ್ಳುವುದು. ಮತ್ತೆ ತಟ್ಟಿ ಸಡಿಲಿಸಬೇಕು. ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ಲೋಹದ ಮೊನೆಯನ್ನು ಒತ್ತಿ ನೋಡಿದರು. ತರಂಗ ತಾಗಿದೊಡನೆ ಅದರಲ್ಲಿ ಹರಿಯುವ ವಿದ್ಯುತ್ತು ಬದಲಾಗುವುದು, ತರಂಗ ನಿಂತೊಡನೆ ತಾನೇ ಮೊದಲಿನಂತಾಗುವುದು! ಬೆಳಕಿಗೂ ಅದು ಸ್ಪಂದಿಸುತ್ತಿದ್ದುದರಿಂದ ಅದನ್ನು ಅವರು ಕೃತಕ ನೇತ್ರವೆಂದೇ ಭಾವಿಸಿದರು.

1901ರಲ್ಲಿ ಲಂಡನ್ನಿನಲ್ಲಿದ್ದಾಗ ತಂತಿ ಕಂಪನಿಯ ಒಡೆಯನೊಬ್ಬ ಪೇಟೆಂಟಿನ ಕಾಗದ ಹಿಡಿದು ಬಂದು ಲಾಭದಲ್ಲಿ ಪಾಲು ಕೇಳಿದ. ಬೋಸರು ಒಪ್ಪದೆ, ಆ ವೃತ್ತಾಂತವನ್ನು ಮಿತ್ರರಾದ ರವೀಂದ್ರನಾಥ ಠಾಕೂರರಿಗೆ ಬರೆದರು. ಆದರೆ ಸೋದರಿ ನಿವೇದಿತಾ ಮತ್ತು ಅಮೆರಿಕೆಯ ಸಾರಾ ಬುಲ್ ಅವರ ಒತ್ತಾಯದಿಂದ ಅದೇ ವರ್ಷ ಅರ್ಜಿ ಹೋಯಿತು. 1904ರ ಮಾರ್ಚ್ 29ರಂದು ಅಮೆರಿಕೆಯ ಪೇಟೆಂಟ್ ಕೈಸೇರಿತು. ಅದರಿಂದ ಲಾಭ ಪಡೆಯುವ ಗೋಜಿಗೆ ಅವರು ಹೋಗಲಿಲ್ಲ, ಅವಧಿ ತೀರಿಹೋಯಿತು. ಮುಂದೆ ಹರಳಿನ ರೇಡಿಯೋಗಳು ದೇಶದೇಶಗಳಲ್ಲಿ ಮನೆಮನೆಯನ್ನು ಸೇರಿದವು.

ಈ ವಿರಕ್ತಿಯನ್ನು ಹೊಗಳುವುದು ಸುಲಭ. ಆದರೆ 1917ರಲ್ಲಿ ಸ್ವಂತ ಉಳಿತಾಯವನ್ನೂ ದಾನಿಗಳ ಹಣವನ್ನೂ ಕೂಡಿಸಿ ವಿಜ್ಞಾನಮಂದಿರವನ್ನು ಕಟ್ಟಬೇಕಾಗಿ ಬಂದವರು ಅವರೇ. ಆ ಹರಳಿನ ಆದಾಯ ಅಲ್ಲಿಗೆ ಬಂದಿದ್ದರೆ ಅನುಚಿತವೇನೂ ಆಗುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಮುಂದೆ ಅವರ ಮನಸ್ಸು ಸಸ್ಯಗಳ ಸ್ಪಂದನದತ್ತ ಹೊರಳಿತು. 1937ರ ನವೆಂಬರ್ 23ರಂದು ಗಿರಿಡೀಹದಲ್ಲಿ ಕಾಲವಾದರು. ಟ್ರಾನ್ಸಿಸ್ಟರಿನ ಜನಕರಲ್ಲೊಬ್ಬರಾದ ಬ್ರಾಟನ್ನರು ಪಿಯರ್ಸನ್ನರೊಡನೆ 1955ರಲ್ಲಿ ಅರೆವಾಹಕಗಳ ಇತಿಹಾಸ ಬರೆದಾಗ, ರೇಡಿಯೋ ತರಂಗಗಳಿಗೆ ಹರಳನ್ನು ಮೊದಲು ಬಳಸಿದ ಶ್ರೇಯಸ್ಸನ್ನು ಬೋಸರಿಗೇ ಸಲ್ಲಿಸಿದರು.