ಮನೆಗೆ ಅಟ್ಟಿದ ಮಕ್ಕಳನ್ನು ಶಾಲೆಗೆ ಮರಳಿ ತಂದ ಲಿಲಿಯನ್ ವಾಲ್ಡ್



ಶುಶ್ರೂಷೆ ಎಂದೊಡನೆ, ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನಾದಲ್ಲಿ ಗುಡಾರ ಹಾಕಿ ಗಾಯಾಳುಗಳನ್ನು ಆರೈಕೆ ಮಾಡಿದ ರುಫೈದಾ ಅಲ್ ಅಸ್ಲಮಿಯ್ಯಾ(ರ) ನಮಗೆ ನೆನಪಾಗುತ್ತಾರೆ. ಅಂಥದೇ ಸೇವೆಯನ್ನು ಬಡಮಕ್ಕಳ ಶಾಲೆಯೊಳಕ್ಕೆ ತಂದ ಅಮೆರಿಕದ ಯಹೂದಿ ಮಹಿಳೆಯೊಬ್ಬರ ಪರಿಚಯ ನಿಮಗಿರಲಿ. ಒಳಿತು ಯಾರಲ್ಲಿದ್ದರೂ ಕಲಿಯತಕ್ಕದ್ದೇ.

ಲಿಲಿಯನ್ ವಾಲ್ಡ್ 1867ರಲ್ಲಿ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. 1891ರಲ್ಲಿ ನ್ಯೂಯಾರ್ಕಿನಲ್ಲಿ ನರ್ಸಿಂಗ್ ತರಬೇತಿ ಮುಗಿಸಿ, ವೈದ್ಯಕೀಯ ಕಾಲೇಜಿಗೂ ಸೇರಿದರು. 1893ರಲ್ಲಿ ಒಂದು ದಿನ ಅವರು ವಲಸಿಗ ಮಹಿಳೆಯರಿಗೆ ಮನೆಶುಶ್ರೂಷೆಯ ಪಾಠ ಹೇಳುತ್ತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಬಂದು, ಹೆರಿಗೆಯಾಗಿ ನರಳುತ್ತಿದ್ದ ತನ್ನ ತಾಯಿಯ ಬಳಿಗೆ ಅವರನ್ನು ಕರೆದೊಯ್ದಳು. ಆ ಕೊಳಕು ಓಣಿ, ಇಕ್ಕಟ್ಟಾದ ಕೋಣೆ, ರಕ್ತದಲ್ಲಿ ತೊಯ್ದ ಹಾಸಿಗೆ ಅವರ ಬದುಕಿನ ದಾರಿಯನ್ನೇ ಬದಲಿಸಿದವು. ಕಾಲೇಜು ಬಿಟ್ಟ ಅವರು ಗೆಳತಿ ಮೇರಿ ಬ್ರೂಸ್ಟರ್ ಜೊತೆ ಆ ಬಡವರ ನಡುವೆಯೇ ಮನೆ ಮಾಡಿದರು. 1895ರಲ್ಲಿ ಹೆನ್ರಿ ಸ್ಟ್ರೀಟ್‌ನಲ್ಲಿ ಅವರ ಸೇವಾಕೇಂದ್ರ ನೆಲೆಗೊಂಡಿತು. ಅಲ್ಲಿನ ನರ್ಸುಗಳು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು.

ಈ ಭೇಟಿಗಳಲ್ಲಿ ಅವರನ್ನು ಒಂದು ಸಂಗತಿ ಕಾಡಿತು. ತಲೆಯಲ್ಲಿ ಹುಣ್ಣಿದ್ದ ಕಾರಣಕ್ಕೆ 12 ವರ್ಷದ ಬಾಲಕನೊಬ್ಬ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ವಾಲ್ಡ್ ಅವನಿಗೆ ಮುಲಾಮು ಹಚ್ಚಿ ವಾಸಿಮಾಡಿ ಶಾಲೆಗೆ ಸೇರಿಸಿದರು. ಆದರೆ ಅಂಥ ಮಕ್ಕಳು ಒಬ್ಬಿಬ್ಬರಲ್ಲ. 1897ರಿಂದ ನಗರದ ವೈದ್ಯರು ಶಾಲೆಗಳಲ್ಲಿ ತಪಾಸಣೆ ಮಾಡುತ್ತಿದ್ದರು. ಕಣ್ಣುಬೇನೆ, ಕಜ್ಜಿ, ಹೇನು ಕಂಡರೆ ಮಗುವನ್ನು ಮನೆಗೆ ಕಳುಹಿಸುತ್ತಿದ್ದರು. ಅಲ್ಲಿಗೆ ಅವರ ಕೆಲಸ ಮುಗಿಯುತ್ತಿತ್ತು. ಔಷಧಿ ಕೊಡುವವರಿಲ್ಲ, ತಾಯಿಗೆ ತಿಳಿಹೇಳುವವರಿಲ್ಲ. ಸಂಜೆ ಆ ಮಗು ಅದೇ ಸಹಪಾಠಿಗಳೊಂದಿಗೆ ಬೀದಿಯಲ್ಲಿ ಆಡುತ್ತಿತ್ತು! ರೋಗವೂ ಹರಡಿತು, ಓದೂ ಹೋಯಿತು.

ವಾಲ್ಡ್ ಬರಿದೇ ದೂರಲಿಲ್ಲ. ತಮ್ಮ ಒಬ್ಬ ನರ್ಸನ್ನು ಒಂದು ತಿಂಗಳ ಮಟ್ಟಿಗೆ ನಗರಕ್ಕೆ ಕೊಡುವುದಾಗಿಯೂ, ಪ್ರಯೋಗ ಫಲಿಸಿದರೆ ಮುಂದೆ ಸರ್ಕಾರಿ ಹಣದಿಂದಲೇ ನರ್ಸುಗಳನ್ನು ನೇಮಿಸಬೇಕೆಂದೂ ಅಧಿಕಾರಿಗಳ ಮುಂದಿಟ್ಟರು. 1902ರ ಅಕ್ಟೋಬರಿನಲ್ಲಿ ಲೀನಾ ರೋಜರ್ಸ್ ನಾಲ್ಕು ಶಾಲೆಗಳ ಹೊಣೆ ಹೊತ್ತರು. ಸಣ್ಣಪುಟ್ಟ ಕಾಯಿಲೆಗಳಿಗೆ ಶಾಲೆಯಲ್ಲೇ ಚಿಕಿತ್ಸೆ ಮಾಡಿ ಮಕ್ಕಳನ್ನು ತರಗತಿಗೆ ಕಳುಹಿಸಿದರು. ಉಳಿದವರ ಮನೆಗೆ ಹೋಗಿ ಆರೈಕೆಯ ಕ್ರಮವನ್ನು ತಾಯಂದಿರಿಗೆ ಕಲಿಸಿದರು. ತಿಂಗಳು ಮುಗಿದ ಮೇಲೆ ನಗರಾಡಳಿತ ಇನ್ನಷ್ಟು ನರ್ಸುಗಳನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ ಸುಮಾರು 10,500ರಷ್ಟಿದ್ದ ಹೊರಹಾಕಿದ ಪ್ರಕರಣಗಳು ಮರುವರ್ಷ ಅದೇ ತಿಂಗಳಲ್ಲಿ ಸುಮಾರು 1,100ಕ್ಕೆ ಇಳಿದವು.

ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಎಲಿಜಬೆತ್ ಫಾರೆಲ್ ನಡೆಸಿದ ವಿಶೇಷ ತರಗತಿಗೂ ವಾಲ್ಡ್ ಬೆಂಬಲವಾಗಿ ನಿಂತರು. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ತಮ್ಮ ಕೇಂದ್ರದಲ್ಲೇ ಓದುವ ಕೋಣೆಗಳನ್ನು ಮಾಡಿದರು. ಮಕ್ಕಳ ಹಿತಕ್ಕಾಗಿ ಸರ್ಕಾರದಲ್ಲೇ ಒಂದು ಇಲಾಖೆ ಬೇಕೆಂದು ಅವರು ಒತ್ತಾಯಿಸುತ್ತಾ ಬಂದದ್ದು 1912ರಲ್ಲಿ ಈಡೇರಿತು. 1940ರಲ್ಲಿ ಅವರು ತೀರಿಕೊಂಡರು.

ಓದುಗ ಮಿತ್ರರೇ, ನಮ್ಮಲ್ಲೂ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆದರೆ ಕನ್ನಡಕ ಬೇಕೆಂದು ಬರೆದ ಚೀಟಿ ಮಗುವಿನ ಚೀಲದಲ್ಲೇ ಉಳಿದರೆ ಪ್ರಯೋಜನವೇನು? ಚೀಟಿಯಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ಮತ್ತೆ ತರಗತಿಗೆ ಆ ಮಗುವಿನ ಜೊತೆ ನಡೆಯುವವರು ಬೇಕು. ಸ್ಕಾಲರ್‌ಶಿಪ್ ಕೊಡುವ ನಮ್ಮಂಥ ಸಂಘಗಳ ಸದಸ್ಯರು ಈ ಕೆಲಸವನ್ನೂ ವಹಿಸಿಕೊಳ್ಳಬಹುದು. ವಿದ್ಯಾರ್ಥಿಗಳೇ, ನಿಮ್ಮ ಪಕ್ಕದಲ್ಲಿ ಕೂರುವ ಗೆಳೆಯ ನಾಲ್ಕು ದಿನ ಬಾರದಿದ್ದರೆ, ಅಥವಾ ಬಂದೂ ಮಾತಿಲ್ಲದೆ ಕುಳಿತಿದ್ದರೆ, ಏನಾಯಿತೆಂದು ಕೇಳಿ, ಶಿಕ್ಷಕರಿಗೂ ತಿಳಿಸಿ. ರೋಗಿಯನ್ನು ಸಂದರ್ಶಿಸುವುದು ನಮ್ಮ ದೀನ್ ಕಲಿಸಿದ ಹಕ್ಕುಬಾಧ್ಯತೆಯಲ್ಲವೇ? ಅದನ್ನು ಇವತ್ತೇ ಆರಂಭಿಸೋಣ.