ಪಾಲ್ ಎರ್ಲಿಕ್

ಔಷಧವು ರೋಗಾಣುವನ್ನು ಮಾತ್ರ ಹುಡುಕಿ ನಾಶಮಾಡಬೇಕು, ರೋಗಿಯ ದೇಹಕ್ಕೆ ಕೇಡು ತರಬಾರದು. ಈ ಗುರಿಯನ್ನು ಮುಂದಿಟ್ಟುಕೊಂಡು ಬಾಳನ್ನೆಲ್ಲ ಸವೆಸಿದ ವಿಜ್ಞಾನಿ ಪಾಲ್ ಎರ್ಲಿಕ್.

ಎರ್ಲಿಕ್ಕನು 1854ರ ಮಾರ್ಚ್ 14ರಂದು ಜರ್ಮನಿಯ ಸೈಲೀಷಿಯಾ ಪ್ರಾಂತದ ಸ್ಟ್ರೇಲೆನ್ ಎಂಬ ಸಣ್ಣ ಊರಿನಲ್ಲಿ, ಯೆಹೂದಿ ಮನೆತನವೊಂದರಲ್ಲಿ ಜನಿಸಿದನು. ವೈದ್ಯಶಾಸ್ತ್ರವನ್ನು ಓದುತ್ತಿದ್ದಾಗಲೇ ಆತನಿಗೆ ಬಣ್ಣಗಳ ಹುಚ್ಚು ಹಿಡಿಯಿತು. ಬಟ್ಟೆಗೆ ಹಾಕುವ ಕೃತಕ ಬಣ್ಣಗಳಲ್ಲಿ ಒಂದೊಂದು ಒಂದೊಂದು ಬಗೆಯ ಜೀವಕೋಶಕ್ಕೆ ಅಂಟಿಕೊಳ್ಳುವುದನ್ನೂ ಉಳಿದವನ್ನು ಬಿಟ್ಟುಬಿಡುವುದನ್ನೂ ಆತನು ಸೂಕ್ಷ್ಮದರ್ಶಕದಲ್ಲಿ ಕಂಡನು. ಬಣ್ಣವು ಹೀಗೆ ಆರಿಸಿಕೊಳ್ಳಬಲ್ಲುದಾದರೆ ವಿಷವೇಕೆ ಆರಿಸಿಕೊಳ್ಳಲಾರದು? ಆತನ ಮುಂದಿನ ಸಾಧನೆಯೆಲ್ಲವೂ ಈ ಪ್ರಶ್ನೆಯಿಂದಲೇ ಹುಟ್ಟಿತು. ಕ್ಷಯದ ರೋಗಾಣುವಿಗೆ ಬಣ್ಣ ಕಟ್ಟುವ ಉತ್ತಮ ವಿಧಾನವನ್ನು ರೂಪಿಸಿದ ಆತನಿಗೇ ಕ್ಷಯ ತಗಲಿ, ಚೇತರಿಸಿಕೊಳ್ಳಲು ಈಜಿಪ್ಟಿಗೆ ಹೋಗಬೇಕಾಗಿ ಬಂತು. 1908ರಲ್ಲಿ ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ ಮೆಚ್ನಿಕಾಫನೊಡನೆ ನೊಬೆಲ್ ಪಾರಿತೋಷಕ ಬಂದಾಗ ಆತನ ಅತಿ ಪ್ರಸಿದ್ಧ ಔಷಧ ಇನ್ನೂ ಹೊರಬಂದಿರಲಿಲ್ಲ.

ಅಟಾಕ್ಸಿಲ್ ಎಂಬ ಶಂಖಪಾಷಾಣದ ಸಂಯುಕ್ತವೊಂದು ನಿದ್ರಾರೋಗದ ಚಿಕಿತ್ಸೆಗೆ ಬಳಕೆಯಲ್ಲಿತ್ತು. ಆದರೆ ಅದರಿಂದ ಕೆಲವು ರೋಗಿಗಳ ಕಣ್ಣೇ ಹೋಗುತ್ತಿತ್ತು. ಅದರ ಅಣುರಚನೆಯನ್ನು ಎಲ್ಲರೂ ತಪ್ಪಾಗಿ ತಿಳಿದಿದ್ದಾರೆಂದು ಎರ್ಲಿಕ್ಕನೂ ಆತನ ಸಹಾಯಕ ಬರ್ಟ್‌ಹೈಮನೂ 1907ರಲ್ಲಿ ತೋರಿಸಿಕೊಟ್ಟರು. ನಿಜವಾದ ರಚನೆ ತಿಳಿದ ಮೇಲೆ ಅಣುವಿನ ಒಂದು ತುದಿಯನ್ನು ಬದಲಿಸಿ, ಇನ್ನೊಂದನ್ನು ಜೋಡಿಸಿ ಹೊಸ ಸಂಯುಕ್ತಗಳನ್ನು ತಯಾರಿಸುವುದು ಸಾಧ್ಯವಾಯಿತು. ಫ್ರಾಂಕ್‌ಫರ್ಟಿನ ಪ್ರಯೋಗಶಾಲೆಯಲ್ಲಿ ಇಂಥವು ನೂರಾರು ತಯಾರಾದವು; ಬಹುಪಾಲು ವ್ಯರ್ಥವಾದವು. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾಟಾ ಅವುಗಳನ್ನು ಸಿಫಿಲಿಸ್ ತಗಲಿದ ಮೊಲಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿದನು. ಹಿಂದೆ ನಿರುಪಯೋಗಿಯೆಂದು ಬದಿಗಿಟ್ಟಿದ್ದ 606ನೆಯ ಸಂಯುಕ್ತದಿಂದ ಮೊಲಗಳು ಗುಣಹೊಂದಿದವು.

1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಹೊರಬಂದಿತು. ಮಾರಾಟಕ್ಕೆ ಮೊದಲೇ ಎರ್ಲಿಕ್ಕನು ಸುಮಾರು 65,000 ಮದ್ದಿನ ಪ್ರಮಾಣಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ ಪರಿಣಾಮಗಳ ವರದಿಯನ್ನು ತರಿಸಿಕೊಂಡನು. ಆದರೆ ಆ ಹಳದಿ ಪುಡಿ ಬಹು ಚಂಚಲವಾದ ವಸ್ತು. ಗಾಳಿ ತಾಗಿದೊಡನೆ ಆಮ್ಲಜನಕದೊಡನೆ ಕೂಡಿ ಹೆಚ್ಚು ವಿಷಕಾರಿಯಾಗುತ್ತಿತ್ತು. ಆದುದರಿಂದ ಗಾಳಿಯಿಲ್ಲದ ಗಾಜಿನ ಕೊಳವೆಗಳಲ್ಲಿ ಮುದ್ರೆಯೊತ್ತಿ ಇಡಬೇಕಾಗಿತ್ತು. ವೈದ್ಯನು ಅದನ್ನು ನೀರಿನಲ್ಲಿ ಕರಗಿಸಿ, ತಕ್ಕಷ್ಟೇ ಕ್ಷಾರ ಬೆರೆಸಿ ರಕ್ತನಾಳಕ್ಕೆ ಹಾಕಬೇಕು. ಕೈ ತಪ್ಪಿದರೆ ರೋಗಿಗೆ ಅಪಾಯ; ಕೆಲವರು ಸತ್ತದ್ದೂ ಉಂಟು. ಎರ್ಲಿಕ್ಕನು ಸುಮ್ಮನೆ ಕೂಡಲಿಲ್ಲ. 1912ರಲ್ಲಿ ನೀರಿನಲ್ಲಿ ಸುಲಭವಾಗಿ ಕರಗುವ 914ನೆಯ ಸಂಯುಕ್ತವನ್ನು, ನಿಯೋಸಾಲ್ವರ್ಸಾನನ್ನು, ಹೊರತಂದನು. ಬಳಕೆ ಹಗುರವಾಯಿತು, ಗುಣ ತುಸು ಕಡಿಮೆಯಾಯಿತು. ಗಾಳಿಯ ಕಾಟವಂತೂ ಪೂರ್ತಿ ತಪ್ಪಲಿಲ್ಲ.

ಗುಣಹೊಂದಿದವರ ಸಂಖ್ಯೆಗಿಂತ ಕೆಟ್ಟ ಸುದ್ದಿ ಬೇಗ ಹರಡಿತು. ಪತ್ರಿಕೆಗಳಲ್ಲಿ ದೂಷಣೆ ಬಂತು. 1914ರಲ್ಲಿ ವಿಷಯವು ಫ್ರಾಂಕ್‌ಫರ್ಟಿನ ನ್ಯಾಯಾಲಯದವರೆಗೂ ಹೋಗಿ ಅಪವಾದ ಹೊರಿಸಿದವನಿಗೆ ಶಿಕ್ಷೆಯಾಯಿತು. ಅಷ್ಟರಲ್ಲಿ ಎರ್ಲಿಕ್ಕನ ದೇಹ ಕುಗ್ಗಿಹೋಗಿತ್ತು. ಮಹಾಯುದ್ಧ ನಡೆಯುತ್ತಿರುವಾಗಲೇ, 1915ರ ಆಗಸ್ಟ್ 20ರಂದು, ಆತನು ತೀರಿಕೊಂಡನು.

ಪೆನಿಸಿಲಿನ್ ಬರುವವರೆಗೂ, ಅಂದರೆ 1940ರ ದಶಕದವರೆಗೂ, ಆತನ ಔಷಧವೇ ರೋಗಿಗಳ ಆಸರೆಯಾಗಿತ್ತು. ಆದರೆ ಅದರ ಅಣುವಿನಲ್ಲಿ ಪಾಷಾಣದ ಎರಡು ಪರಮಾಣುಗಳು ಜೋಡಿಯಾಗಿವೆಯೆಂದು ಎರ್ಲಿಕ್ಕನು ಬರೆದ ಚಿತ್ರ ಸರಿಯಲ್ಲವೆಂದು ನ್ಯೂಜಿಲೆಂಡಿನ ರಸಾಯನಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದರು. ಅಲ್ಲಿದ್ದುದು ಮೂರು ಮತ್ತು ಐದು ಪರಮಾಣುಗಳ ಉಂಗುರಗಳು.