ಉಪಗ್ರಹ ವಿಜ್ಞಾನಿ ಪ್ರೊ. ಉಡುಪಿ ರಾಮಚಂದ್ರ ರಾವ್

ಹೊನ್ನಾವರದಲ್ಲಿ ಶರಾವತಿಯೂ ಕುಮಟಾ ತಾಲೂಕಿನಲ್ಲಿ ಅಘನಾಶಿನಿಯೂ ಕಡಲನ್ನು ಸೇರುವ ಅಳಿವೆಗಳನ್ನು ದಾಟುವುದು ನುರಿತ ಮೀನುಗಾರರಿಗೂ ಸುಲಭವಲ್ಲ. ತೆರೆಯ ಏರಿಳಿತವನ್ನು ಗಮನಿಸಿ, ತಕ್ಕ ಕ್ಷಣದಲ್ಲಿಯೇ ದೋಣಿಯನ್ನು ತಿರುಗಿಸಬೇಕು. ನಿರ್ಧಾರ ಸರಿಯಾಗಿದ್ದೂ ಕ್ಷಣಕಾಲ ತಡವಾದರೆ ದೋಣಿ ಮಗುಚುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಈ ಕಡಲತೀರಕ್ಕೆ ದಕ್ಷಿಣದಲ್ಲಿರುವ ಅದಮಾರು ಎಂಬ ಹಳ್ಳಿಯಲ್ಲಿ ಜನಿಸಿ, ಇಂತಹ ಕಾಲನಿಷ್ಠೆಯನ್ನು ಗಗನಯಂತ್ರಗಳಿಗೆ ಕಲಿಸಿದ ಮಹಾಕಾರ್ಯದ ಮುಂದಾಳುಗಳಾದವರು ಪ್ರೊ. ಉಡುಪಿ ರಾಮಚಂದ್ರ ರಾಯರು.

೧೯೩೨ನೆಯ ಇಸವಿ ಮಾರ್ಚ್ ೧೦ರಂದು ಲಕ್ಷ್ಮೀನಾರಾಯಣ ಆಚಾರ್ಯ ಮತ್ತು ಕೃಷ್ಣವೇಣಿ ಅಮ್ಮನವರ ಪುತ್ರರಾಗಿ ಅವರು ಜನಿಸಿದರು. ಪ್ರಾಥಮಿಕ ಶಿಕ್ಷಣ ಅದಮಾರಿನಲ್ಲಿ, ಪ್ರೌಢಶಿಕ್ಷಣ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ನಡೆಯಿತು. ಇಂಟರ್‌ಮೀಡಿಯೇಟ್ ವ್ಯಾಸಂಗವನ್ನು ಅವರು ಪೂರೈಸಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ. ಸಮಾಜದ ದಾನದಿಂದ ಬೆಳೆದ ವಿದ್ಯಾಸಂಸ್ಥೆಗಳ ಋಣ ಎಷ್ಟು ದೂರ ಹರಿಯಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಅನಂತರ ಅನಂತಪುರದಲ್ಲಿ ಬಿ.ಎಸ್‌ಸಿ., ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಪದವಿಗಳನ್ನು ಪಡೆದು, ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ಡಾ. ವಿಕ್ರಮ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿದರು. ಅಮೆರಿಕದಲ್ಲಿ ಪಯೋನಿಯರ್ ಮೊದಲಾದ ವ್ಯೋಮನೌಕೆಗಳ ಪ್ರಯೋಗಗಳಲ್ಲಿ ಪಾಲ್ಗೊಂಡು ಕೀರ್ತಿ ಗಳಿಸಿದ ಮೇಲೂ, ೧೯೬೬ರಲ್ಲಿ ಸ್ವದೇಶಕ್ಕೆ ಮರಳಿದರು.

೧೯೭೨ರಲ್ಲಿ ಭಾರತದ ಪ್ರಥಮ ಉಪಗ್ರಹವನ್ನು ನಿರ್ಮಿಸುವ ಹೊಣೆ ಅವರ ಹೆಗಲಿಗೆ ಬಂದಿತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳೇ ಅಂದಿನ ಕಾರ್ಯಾಗಾರಗಳು. ಉಪಗ್ರಹವನ್ನು ಹಿಂದೆಂದೂ ಕಟ್ಟಿರದ ತರುಣ ಇಂಜಿನಿಯರುಗಳ ತಂಡವನ್ನು ಕಟ್ಟಿಕೊಂಡು ಅವರು ಸಿದ್ಧಪಡಿಸಿದ ೩೬೦ ಕಿಲೋಗ್ರಾಂ ತೂಕದ 'ಆರ್ಯಭಟ'ವು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಕಕ್ಷೆಗೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದರೂ, ಉಪಗ್ರಹದ ಮೂಲಶರೀರವು ವರ್ಷಗಳವರೆಗೆ ಸಂಕೇತಗಳನ್ನು ಕಳುಹಿಸುತ್ತಲೇ ಇದ್ದಿತು.

ಬಡರಾಷ್ಟ್ರವೊಂದು ಪ್ರತಿ ಬಾರಿಯೂ ಎಲ್ಲವನ್ನೂ ಹೊಸದಾಗಿ ನಿರ್ಮಿಸಲಾರದು. ಒಮ್ಮೆ ಪರೀಕ್ಷೆಗೆ ನಿಂತು ಗೆದ್ದ ಅಂಗಗಳನ್ನು ಮತ್ತೆ ಬಳಸಿಕೊಳ್ಳುವುದು ಅನಿವಾರ್ಯವಾಗಿದ್ದಿತು. ೧೯೭೯ ಮತ್ತು ೧೯೮೧ರಲ್ಲಿ ಹಾರಿದ 'ಭಾಸ್ಕರ' ಉಪಗ್ರಹಗಳು ಆರ್ಯಭಟದಂತೆಯೇ ಇಪ್ಪತ್ತಾರು ಮುಖಗಳ ಆಕೃತಿಯನ್ನು ಹೊಂದಿದ್ದವು. ೧೯೮೪ರಲ್ಲಿ ರಾಯರು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾದಾಗ ರಾಕೆಟ್ಟುಗಳಲ್ಲಿಯೂ ಇದೇ ನೀತಿ ನಡೆದಿದ್ದಿತು. ೧೯೮೦ರಲ್ಲಿ ಯಶಸ್ವಿಯಾದ ಎಸ್.ಎಲ್.ವಿ.-೩ ರಾಕೆಟ್ಟಿನ ಮೊದಲ ಹಂತದ ಮೋಟಾರನ್ನೇ ಎ.ಎಸ್.ಎಲ್.ವಿ.ಯ ಎರಡೂ ಪಕ್ಕಗಳಿಗೆ ಕಟ್ಟಲಾಯಿತು.

ಆದರೆ ಪರಿಚಿತ ಅಂಗಗಳು ಹೊಸ ಜೋಡಣೆಯಲ್ಲಿ ಹೊಸ ಸಮಸ್ಯೆಯನ್ನು ತಂದೊಡ್ಡಿದವು. ೧೯೮೭ರ ಮಾರ್ಚ್ ೨೪ರಂದು ಪಕ್ಕದ ಮೋಟಾರುಗಳು ಉರಿದು ಮುಗಿದ ಬಳಿಕ ನಡುವಿನ ಮೋಟಾರು ಹೊತ್ತಿಕೊಳ್ಳಲಿಲ್ಲ. ೧೯೮೮ರ ಜುಲೈ ೧೩ರಂದು, ಒಂದು ಮೋಟಾರು ನಂದಿ ಇನ್ನೊಂದು ಹೊತ್ತುವ ಸಂಧಿಕಾಲದಲ್ಲಿ ರಾಕೆಟ್ಟು ಹತೋಟಿ ತಪ್ಪಿ ಮುರಿಯಿತು. ಎರಡು ಸೋಲುಗಳ ಅಪವಾದವನ್ನು ಹೊತ್ತುಕೊಂಡೇ ಅಧ್ಯಕ್ಷರು ಮೂರನೆಯ ಪ್ರಯತ್ನಕ್ಕೆ ಸಿದ್ಧತೆ ನಡೆಸಿದರು. ರಾಕೆಟ್ಟಿಗೆ ಸ್ಥಿರತೆಗಾಗಿ ರೆಕ್ಕೆಗಳನ್ನು ಜೋಡಿಸಲಾಯಿತು. ಅದಕ್ಕಿಂತ ಮುಖ್ಯವಾಗಿ, ಮೊದಲೇ ಗೊತ್ತುಪಡಿಸಿದ ಸೆಕೆಂಡಿಗೆ ಕಿಡಿ ಕೊಡುವ ಬದಲು, ಪಕ್ಕದ ಮೋಟಾರುಗಳ ಬಲ ಕುಗ್ಗುವುದನ್ನು ಹಾರುತ್ತಿರುವಾಗಲೇ ಅರಿತು ಆಜ್ಞೆ ನೀಡುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ೧೯೯೨ರ ಮೇ ೨೦ರಂದು ಎ.ಎಸ್.ಎಲ್.ವಿ. ಗುರಿ ಮುಟ್ಟಿತು.

ಯಂತ್ರದ ಒಡಲಲ್ಲಿಯೇ ಹುದುಗಿದ್ದು ಅದನ್ನು ನಡೆಸುವ ಇಂತಹ ಗಣಕಗಳ ಧರ್ಮವೇ ಬೇರೆ. ಕಚೇರಿಯ ಗಣಕ ಲೆಕ್ಕವನ್ನು ತುಸು ತಡವಾಗಿ ಒಪ್ಪಿಸಿದರೆ ಕಾಯಬಹುದು. ರಾಕೆಟ್ಟಿನ ಗಣಕವಾದರೋ ಸೆಕೆಂಡಿನ ಅಲ್ಪಾಂಶದಲ್ಲಿ ಓರೆಯನ್ನು ಅಳೆದು, ತಿದ್ದುಪಡಿಯನ್ನು ಲೆಕ್ಕಿಸಿ, ಆಜ್ಞೆಯನ್ನು ಹೊರಡಿಸಿ, ಪುನಃ ಅಳೆಯಬೇಕು. ತಡವಾದ ಸರಿಯುತ್ತರವೂ ಅಲ್ಲಿ ತಪ್ಪುತ್ತರವೇ. ಆದುದರಿಂದ ಒಂದು ತಂತ್ರಾಂಶದ ಭಾಗವನ್ನು ಇನ್ನೊಂದೆಡೆ ಬಳಸುವಾಗ ಅದು ಏನು ಮಾಡುತ್ತದೆಂಬುದನ್ನು ತಿಳಿದರೆ ಸಾಲದು. ಅತ್ಯಂತ ಕಷ್ಟದ ಸ್ಥಿತಿಯಲ್ಲಿ ಅದಕ್ಕೆ ಬೇಕಾಗುವ ಗರಿಷ್ಠ ಕಾಲವೆಷ್ಟು, ಅದು ತಾಳಬಲ್ಲ ಸಂಖ್ಯೆಗಳ ಮೇರೆಯೆಷ್ಟು, ಮೇರೆ ಮೀರಿದಾಗ ಅದರ ನಡವಳಿಕೆಯೇನು ಎಂಬುದೆಲ್ಲವೂ ಮೊದಲೇ ತಿಳಿದಿರಬೇಕು. ಹೊಳೆಯ ದೋಣಿಗೆ ಹೊಸೆದ ಹಗ್ಗ ಕೆಟ್ಟ ಹಗ್ಗವಲ್ಲ. ಆದರೆ ಕಡಲಿಗೆ ಒಯ್ಯುವ ಮುನ್ನ ಕಡಲಿನ ಸೆಳೆತಕ್ಕೆ ಅದನ್ನು ಎಳೆದು ನೋಡಬೇಕು.

ಈ ಸತ್ಯ ಅತ್ಯಂತ ಕಠೋರವಾಗಿ ಪ್ರಕಟವಾದದ್ದು ೧೯೯೩ರ ಸೆಪ್ಟೆಂಬರ್ ೨೦ರಂದು. ಅಂದು ಪಿ.ಎಸ್.ಎಲ್.ವಿ. ರಾಕೆಟ್ಟಿನ ಪ್ರಥಮ ಹಾರಾಟ. ಎರಡನೆಯ ಹಂತ ಬೇರ್ಪಡುವಾಗ ನಿರೀಕ್ಷೆಗೆ ಮೀರಿದ ಕದಲಿಕೆ ಉಂಟಾಯಿತು. ಅದನ್ನು ತಿದ್ದಬೇಕಾಗಿದ್ದ ಗಣಕದ ತಂತ್ರಾಂಶದಲ್ಲಿ ಒಂದು ಸಣ್ಣ ದೋಷವಿದ್ದಿತು. ಆಜ್ಞೆಯ ಪ್ರಮಾಣ ಗೊತ್ತುಪಡಿಸಿದ ಗರಿಷ್ಠ ಮಿತಿಯನ್ನು ದಾಟಿದಾಗ ಮಾತ್ರ ತಲೆದೋರುವ ದೋಷವದು. ಸಾಧಾರಣ ಸ್ಥಿತಿಯಲ್ಲಿ ಕಣ್ಣಿಗೆ ಬೀಳುವಂತಹದಲ್ಲ. ಮೋಟಾರುಗಳು ಬಹುಮಟ್ಟಿಗೆ ತಮ್ಮ ಕೆಲಸವನ್ನು ನೆರವೇರಿಸಿದ್ದರೂ, ಉಪಗ್ರಹವು ಕಕ್ಷೆ ಸೇರದೆ ಬಂಗಾಳ ಕೊಲ್ಲಿಯ ಪಾಲಾಯಿತು.

ರಾಯರ ಅಧಿಕಾರಾವಧಿ ಮುಗಿಯಲು ಆಗ ಕೆಲವೇ ತಿಂಗಳುಗಳು ಉಳಿದಿದ್ದವು. ವೈಫಲ್ಯದ ಕಾರಣವನ್ನು ವಿಶ್ಲೇಷಣಾ ಸಮಿತಿ ಕೂಲಂಕಷವಾಗಿ ಶೋಧಿಸಿತು. ಕಂಡ ದೋಷ ಮುಚ್ಚಿಡಲ್ಪಡಲಿಲ್ಲ. ರಾಕೆಟ್ಟಿನ ಮೂಲರಚನೆಯನ್ನು ಕೈಬಿಡದೆ ತಪ್ಪನ್ನಷ್ಟೇ ತಿದ್ದಲಾಯಿತು. ೧೯೯೪ರ ಅಕ್ಟೋಬರ್ ೧೫ರಂದು ಎರಡನೆಯ ಪಿ.ಎಸ್.ಎಲ್.ವಿ. ಯಶಸ್ವಿಯಾಗಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ರಾಯರು ಅಧ್ಯಕ್ಷ ಪೀಠದಲ್ಲಿರಲಿಲ್ಲ. ನೆಟ್ಟವರೊಬ್ಬರು, ಫಲ ಕಂಡ ಕಾಲ ಮತ್ತೊಬ್ಬರದು.

ಇದು ಬಡರಾಷ್ಟ್ರದ ತಪ್ಪು ಮಾತ್ರವಲ್ಲವೆಂಬುದು ಬೇಗನೆ ತಿಳಿದುಬಂದಿತು. ೧೯೯೬ರ ಜೂನ್ ೪ರಂದು ಯೂರೋಪಿನ ಏರಿಯಾನ್-೫ ರಾಕೆಟ್ಟು ಹೊರಟ ಒಂದು ನಿಮಿಷದೊಳಗೆ ನಾಶವಾಯಿತು. ಏರಿಯಾನ್-೪ರಲ್ಲಿ ನಿರ್ದುಷ್ಟವಾಗಿ ನಡೆದಿದ್ದ ತಂತ್ರಾಂಶವನ್ನು ಅದರಲ್ಲಿ ಹಾಗೆಯೇ ಬಳಸಲಾಗಿದ್ದಿತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚಾದುದರಿಂದ ಆ ಸಂಖ್ಯೆ ಗೊತ್ತುಪಡಿಸಿದ ಹದಿನಾರು ಬಿಟ್‌ಗಳ ಅಳತೆಯಲ್ಲಿ ಹಿಡಿಸಲಿಲ್ಲ. ಬದಲಿಗೆಂದು ಇರಿಸಿದ್ದ ಎರಡನೆಯ ಉಪಕರಣದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಎರಡೂ ಒಂದೇ ತಪ್ಪಿಗೆ ಬಲಿಯಾದವು.

ಸೋಲಿನಿಂದ ಪಾಠ ಕಲಿತ ಪಿ.ಎಸ್.ಎಲ್.ವಿ. ೧೯೯೯ರಲ್ಲಿ ಸಾಗರ ವೀಕ್ಷಕ ಉಪಗ್ರಹವನ್ನೂ, ೨೦೦೮ರಲ್ಲಿ ಚಂದ್ರಯಾನವನ್ನೂ, ೨೦೧೩ರಲ್ಲಿ ಮಂಗಳಯಾನವನ್ನೂ ಹೊತ್ತೊಯ್ದಿತು. ಕಡಲಿನ ಬಣ್ಣ ಮತ್ತು ಶಾಖವನ್ನು ಉಪಗ್ರಹಗಳಿಂದ ಅರಿತು, ಮೀನು ದೊರೆಯಬಹುದಾದ ತಾಣಗಳನ್ನು ಸೂಚಿಸುವ ಪದ್ಧತಿ ಕರಾವಳಿಯ ಮೀನುಗಾರರಿಗೆ ನೆರವಾಗಿದೆ. ಭಟ್ಕಳದ ಬಂದರಿನಿಂದಲೋ ತದಡಿಯಿಂದಲೋ ಹೊರಡುವ ದೋಣಿಗೂ ಪೀಣ್ಯದ ಷೆಡ್ಡಿಗೂ ಹೀಗೊಂದು ನಂಟು ಬೆಳೆಯಿತು.

೧೯೭೬ರಲ್ಲಿ ಪದ್ಮಭೂಷಣ, ೨೦೧೭ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. ೨೦೧೭ರ ಜುಲೈ ೨೪ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ಹಿರಿಯರಿಂದ ಬಂದುದನ್ನು ಬಿಸಾಡದಿರುವುದು ಮಿತವ್ಯಯ. ಅದನ್ನು ಹೊಸ ಸಂದರ್ಭದ ಒರೆಗೆ ಹಚ್ಚಿ ನೋಡಿ ಬಳಸುವುದು ವಿವೇಕ. ಕಳೆದ ವರ್ಷದ ಟಿಪ್ಪಣಿಯನ್ನು ಈ ವರ್ಷದ ತರಗತಿಗೆ ಒಯ್ಯುವ ಅಧ್ಯಾಪಕರಿಗೂ, ಪುಸ್ತಕದ ಸೂತ್ರವನ್ನು ಲೆಕ್ಕಕ್ಕೆ ಹಚ್ಚುವ ವಿದ್ಯಾರ್ಥಿಗೂ ರಾಯರ ಜೀವನ ಇವೆರಡನ್ನೂ ಬೋಧಿಸುತ್ತದೆ.